ತನ್ನ ಬೆನ್ನು ತನಗೆ ಕಾಣದು

ಆಗ್ರಾಕ್ಕೆ ಹೋಗಿ ತಾಜಮಹಲನ್ನು ನೋಡದೆ ಹಿಂದಿರುಗಿದ ಕನ್ನಡಿಗರು ವಿರಳ. ಆ ವಿರಳರಲ್ಲಿ ನಾನೂ ಒಬ್ಬನೆಂದರೆ ಓದುಗರು ನನ್ನ ರಸಿಕತೆಯನ್ನು ಶಂಕಿಸಬಹುದು. ಆದರೆ ಅಮೃತಶಿಲೆಯ ಗುಮ್ಮಟವನ್ನು ಕಾಣಲು ಹೊರಟವನಲ್ಲ ನಾನು. ಆಕಾಶದಿಂದ ಇಳಿಯುವ ಬಟ್ಟೆಯ ಗುಮ್ಮಟಗಳ ಬಳಿಗೆ ನನ್ನನ್ನು ಅಟ್ಟಿದವಳು ನಮ್ಮಕ್ಕ.

ಅಕ್ಕನ ಮನೆ ತೀರ್ಥಹಳ್ಳಿಯ ಕಡೆ. ಅವಳ ಒಬ್ಬನೇ ಮಗ ಸೈನ್ಯ ಸೇರಿ, ಬೆಂಗಳೂರಿನ ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರದಲ್ಲಿ ಮೊದಲ ಶಿಕ್ಷಣ ಮುಗಿಸಿ, ವಿಮಾನದಿಂದ ಧುಮುಕುವುದನ್ನು ಕಲಿಯಲು ಆಗ್ರಾಕ್ಕೆ ಹೋಗಿದ್ದ. "ನಮ್ಮ ಹುಡುಗ ಕೊಡೆ ಹಿಡಿದು ಹಾರುತ್ತಾನಂತೆ" ಎಂದು ಅವಳು ನೆರೆಹೊರೆಯವರಿಗೆ ನಗುನಗುತ್ತಲೇ ಹೇಳುತ್ತಿದ್ದಳು. 2025ರ ಫೆಬ್ರವರಿಯಲ್ಲಿ ಆ ನಗು ನಿಂತಿತು. ಹೊಸನಗರ ತಾಲ್ಲೂಕಿನವರಾದ ವಾಯುಪಡೆಯ ಶಿಕ್ಷಕರೊಬ್ಬರು ಆಗ್ರಾದಲ್ಲಿ ವಿಮಾನದಿಂದ ಹಾರಿದಾಗ ಪ್ಯಾರಾಚೂಟು ತೆರೆಯದೆ ಅಸುನೀಗಿದರೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಹೊಸನಗರ ನಮಗೆ ನೆರೆಯ ತಾಲ್ಲೂಕು. ದುಃಖವೂ ನೆರೆಮನೆಯದೇ ಆಯಿತು. ಅಕ್ಕ ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ ನನ್ನನ್ನು ಕರೆಸಿದಳು.

"ಮಳೆಗಾಲದಲ್ಲಿ ನಮ್ಮ ಕೊಡೆ ಎಷ್ಟು ಸಲ ಮಗುಚಿಕೊಂಡಿಲ್ಲ, ನೀನೇ ಹೇಳೋ. ನೆಲದ ಮೇಲೆ ನಿಂತವರ ಕೊಡೆಯ ಗತಿಯೇ ಹೀಗಿರುವಾಗ ಆಕಾಶದ ಕೊಡೆಯನ್ನು ನಂಬುವುದು ಹೇಗೆ? ಕಲಿಸುವವರಿಗೇ ಹಾಗಾದ ಮೇಲೆ ಕಲಿಯುವವನ ಪಾಡೇನು? ಸೈನ್ಯ ಬೇಡವೆನ್ನುವುದಿಲ್ಲ, ಈ ಹಾರಾಟ ಬೇಡ. ನೀನು ಪಾಠ ಹೇಳುವವನು. ಹೋಗಿ ಅವನಿಗೆ ಬುದ್ಧಿ ಹೇಳು."

ಧುಮುಕುವ ಸೈನಿಕರೆಲ್ಲ ಸ್ವಇಚ್ಛೆಯಿಂದ ಮುಂದೆ ಬಂದವರು. ಒಲ್ಲೆನೆಂದು ಬೇರೆ ದಳಕ್ಕೆ ಹೋಗಲು ದಾರಿಯುಂಟು ಎಂಬುದನ್ನು ಅವಳು ಯಾರಿಂದಲೋ ಕೇಳಿ ತಿಳಿದಿದ್ದಳು. ನಾನು ಕೋಡುಬಳೆಯ ಡಬ್ಬಿಯೊಂದನ್ನು ಹಿಡಿದು ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದೆ. ರೈಲಿನಲ್ಲಿ ಕಳೆದ ಎರಡು ರಾತ್ರಿಗಳಲ್ಲಿ ಅಳಿಯನಿಗೆ ಮಾಡಬೇಕಾದ ಉಪದೇಶವನ್ನು ತರಗತಿಯ ಉಪನ್ಯಾಸದಂತೆಯೇ ಪೀಠಿಕೆ, ನಿರೂಪಣೆ, ಉಪಸಂಹಾರ ಸಹಿತ ಸಿದ್ಧಪಡಿಸಿದೆ.

ಆಗ್ರಾ ದಂಡು ನಿಲ್ದಾಣದಲ್ಲಿ ನನ್ನನ್ನು ಎದುರುಗೊಂಡ ಅಳಿಯ ಕುಂಟುತ್ತಿದ್ದ. ಬಲ ಪಾದಕ್ಕೆ ದಪ್ಪನೆಯ ಪಟ್ಟಿ. ನನ್ನ ಮುಖ ಕಂಡು ಅವನೇ ಮೊದಲು ಹೇಳಿದ: "ಅಮ್ಮನಿಗೆ ಹೇಳಬೇಡಿ ಮಾವ. ಉಳುಕು ಅಷ್ಟೆ. ತಪ್ಪು ನನ್ನದೇ. ನೆಲ ಹತ್ತಿರವಾದಾಗ ಅದನ್ನು ದಿಟ್ಟಿಸಬಾರದೆಂದು ನೂರು ಸಲ ಹೇಳಿದ್ದರು. ಮೂರನೆಯ ಹಾರಾಟದಲ್ಲಿ ದಿಟ್ಟಿಸಿಬಿಟ್ಟೆ. ಒಂದು ಕಾಲು ತಾನಾಗಿಯೇ ನೆಲವನ್ನು ಹುಡುಕಿಕೊಂಡು ಮುಂದೆ ಚಾಚಿತು."

ಅವನಿಗೆ ಆ ದಿನ ಕೆಲವು ಗಂಟೆಗಳ ಬಿಡುವಿತ್ತು. "ತಾಜಮಹಲಿಗೆ ಹೋಗೋಣವೆ?" ಎಂದು ಕೇಳಿದನಾದರೂ ಅವನ ಕಣ್ಣು ಬೇರೆಲ್ಲಿಯೋ ಇತ್ತು. ಅವನ ತಂಡದವರು ಅಂದು ಹಾರುವವರಿದ್ದರು. ನಾವು ಆಟೋ ಹಿಡಿದು ಮಾಲ್‌ಪುರದ ಹಾದಿ ಹಿಡಿದೆವು.

ಮಾಲ್‌ಪುರ ನಗರದ ಹೊರವಲಯದ ಒಂದು ಹಳ್ಳಿ. ಅದರ ಬದಿಯ ವಿಶಾಲ ಬಯಲೇ ಧುಮುಕುವವರು ಇಳಿಯುವ ನೆಲ. ಸುತ್ತ ಗೋಧಿಯ ಹಸಿರು, ಹಣ್ಣಾಗುತ್ತಿದ್ದ ಸಾಸಿವೆ, ಆಲೂಗಡ್ಡೆ ಅಗೆಯುತ್ತಿದ್ದ ಹೆಂಗಸರು. ಬಯಲಿನೊಳಕ್ಕೆ ನಮ್ಮಂಥವರಿಗೆ ಪ್ರವೇಶವಿಲ್ಲ. ರಸ್ತೆಯ ಅಂಚಿನ ಬೇವಿನ ಮರದಡಿ ನಿಂತೆವು. ವಿಮಾನದ ಸದ್ದಿಗೆ ಅಲ್ಲಿಯ ಎಮ್ಮೆಗಳು ಕೂಡ ತಲೆಯೆತ್ತುವುದಿಲ್ಲ. ನಮ್ಮ ಮಲೆನಾಡಿನ ದನಗಳಿಗೆ ಮಳೆ ಹೇಗೋ ಅವಕ್ಕೆ ಪ್ಯಾರಾಚೂಟು ಹಾಗೆ.

ಈ ವಿದ್ಯೆ ನಮ್ಮ ದೇಶಕ್ಕೆ ಬಂದು ಎಂಟು ದಶಕಗಳು ಕಳೆದಿವೆ. 1941ರಲ್ಲಿ ಕರಾಚಿಯಲ್ಲಿ ಮೊದಲು ಹಾರಿದ ಭಾರತೀಯ ಸೈನಿಕರಲ್ಲಿ ಎ. ಜಿ. ರಂಗರಾಜ್ ಎಂಬ ವೈದ್ಯರಿದ್ದರು. ಮುಂದೆ ಕೊರಿಯಾ ಯುದ್ಧದಲ್ಲಿ 60ನೆಯ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸಿನ ನಾಯಕರಾಗಿ ಗಾಯಾಳುಗಳ ಶುಶ್ರೂಷೆ ನಡೆಸಿ ಮಹಾವೀರ ಚಕ್ರ ಪಡೆದವರು ಅವರೇ. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಧುಮುಕುವ ವಿದ್ಯೆಯ ಶಾಲೆ ರಾವಲ್ಪಿಂಡಿಯ ಬಳಿಯ ಚಕ್ಲಾಲದಲ್ಲಿತ್ತು. ದೇಶವಿಭಜನೆಯಾದಾಗ ಆಗ್ರಾಕ್ಕೆ ಬಂತು. 1971ರ ಡಿಸೆಂಬರ್ 11ರಂದು ಪೂರ್ವ ಬಂಗಾಳದ ಟಾಂಗೈಲಿನಲ್ಲಿ ನಮ್ಮ ಇಡೀ ಬೆಟಾಲಿಯನ್ನೊಂದು ಆಕಾಶದಿಂದ ಇಳಿದುದು ಈ ವಿದ್ಯೆಯ ಬಲದಿಂದಲೇ.

ವಿಮಾನ ಬರಲು ಹೊತ್ತಿತ್ತು. ಅಳಿಯ ಕಡ್ಡಿಯಿಂದ ಮಣ್ಣಿನ ಮೇಲೆ ಚಿತ್ರ ಬರೆದು ನನಗೆ ಪಾಠ ಹೇಳತೊಡಗಿದ. ಬೆನ್ನಿನ ಮೇಲೆ ದೊಡ್ಡ ಕೊಡೆ, ಎದೆಯ ಮೇಲೆ ಆಪತ್ತಿಗೆಂದು ಚಿಕ್ಕ ಕೊಡೆ. ಹಿಂದೆ ರೇಷ್ಮೆಯಿಂದ ಮಾಡುತ್ತಿದ್ದರು, ಈಗ ನೈಲಾನಿನದು. ಇದನ್ನು ಹೊಲಿಯಲೆಂದೇ 1941ರಲ್ಲಿ ಕಾನಪುರದಲ್ಲಿ ಕಾರ್ಖಾನೆ ಹುಟ್ಟಿತು. ಒಮ್ಮೆ ಬಿಚ್ಚಿದ ಕೊಡೆಯನ್ನು ಉದ್ದನೆಯ ಮೇಜಿನ ಮೇಲೆ ಹರಡಿ, ಹಗ್ಗಹಗ್ಗವನ್ನೂ ಬಿಡಿಸಿ, ಮಡಿಕೆಯ ಮೇಲೆ ಮಡಿಕೆಯಿಟ್ಟು ಚೀಲದಲ್ಲಿ ಕೂರಿಸುವ ಕೆಲಸಕ್ಕೆ ಬೇರೆ ಜನವಿದ್ದಾರೆ. ಮಡಿಚಿದವನು ಅದರ ಚೀಟಿಯಲ್ಲಿ ಸಹಿ ಹಾಕುತ್ತಾನೆ. ಹಾರುವವನು ಅವನ ಮುಖವನ್ನು ನೋಡಿರಲಿಕ್ಕಿಲ್ಲ. ಸಹಿಯನ್ನು ಮಾತ್ರ ನಂಬುತ್ತಾನೆ.

ಬೆನ್ನಿನ ಚೀಲದಿಂದ ಹೊರಡುವ ಒಂದು ಪಟ್ಟಿಯ ತುದಿಯಲ್ಲಿ ಕೊಕ್ಕೆಯುಂಟು. ವಿಮಾನದ ಒಳಗೆ ಉದ್ದಕ್ಕೂ ಕಟ್ಟಿದ ಉಕ್ಕಿನ ಹಗ್ಗಕ್ಕೆ ಅದನ್ನು ಸಿಕ್ಕಿಸಬೇಕು. ಬಾಗಿಲಿನಿಂದ ಧುಮುಕಿದೊಡನೆ ಆ ಪಟ್ಟಿ ಬಿಗಿದು ಚೀಲವನ್ನು ಸೆಳೆಯುತ್ತದೆ, ಕೊಡೆ ಅರಳುತ್ತದೆ, ಪಟ್ಟಿ ವಿಮಾನದಲ್ಲಿಯೇ ಉಳಿಯುತ್ತದೆ. ಸುಮಾರು 1,250 ಅಡಿ ಎತ್ತರದಿಂದ ಹಾರಿದವನು ಒಂದು ನಿಮಿಷಕ್ಕೆ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ನೆಲದ ಮೇಲಿರುತ್ತಾನೆ. ಇಳಿಯುವ ವೇಗ ಸೆಕೆಂಡಿಗೆ 5 ಮೀಟರಿನ ಆಸುಪಾಸು. "ನಮ್ಮ ಮನೆಯ ಜಗಲಿಗಿಂತ ಎತ್ತರದ, ನಾಲ್ಕಡಿ ಕಟ್ಟೆಯಿಂದ ಕಣ್ಣುಮುಚ್ಚಿ ಜಿಗಿದಂತೆ" ಎಂದು ಅಳಿಯ ನಕ್ಕ. ಅದಕ್ಕೇ ಎರಡು ಕಾಲನ್ನೂ ಜೋಡಿಸಿ, ಮಂಡಿ ಬಗ್ಗಿಸಿ, ನೆಲ ಸೋಕಿದೊಡನೆ ಮಗ್ಗುಲಿಗೆ ಉರುಳಬೇಕು. ಐದು ಹಾರಾಟ, ಅವುಗಳಲ್ಲಿ ಒಂದು ರಾತ್ರಿಯದು, ಮುಗಿದರೆ ಎದೆಗೆ ರೆಕ್ಕೆಯ ಲಾಂಛನ.

"ತೆರೆಯದಿದ್ದರೆ?" ಎಂದೆ. ಅಕ್ಕನ ಪ್ರಶ್ನೆ ನನ್ನ ಬಾಯಿಂದ ಬಂತು.

ಅವನು ಅಡಗಿಸಲಿಲ್ಲ. ಹಗ್ಗಗಳು ಹೆಣೆದುಕೊಂಡು ಕೊಡೆ ಪೂರ್ತಿ ಅರಳದಿರಬಹುದು; ಆಗ ಸೈಕಲ್ಲು ತುಳಿದಂತೆ ಕಾಲು ಒದ್ದು ಮೈಯನ್ನು ತಿರುಗಿಸಿ ಹುರಿ ಬಿಡಿಸಬೇಕು. ಇಬ್ಬರು ಆಕಾಶದಲ್ಲಿ ಒಬ್ಬರಿಗೊಬ್ಬರು ಸಿಕ್ಕಿಕೊಳ್ಳಬಹುದು. ಇಳಿದ ಮೇಲೂ ಗಾಳಿ ತುಂಬಿದ ಕೊಡೆ ಮನುಷ್ಯನನ್ನು ಮುಳ್ಳುಗಿಡಗಳ ಮೇಲೆ ದರದರ ಎಳೆದೊಯ್ಯಬಹುದು. ಧುಮುಕಿದವನು ಬಾಯಲ್ಲಿ ಎಣಿಸುತ್ತಾನೆ. ಎಣಿಕೆ ಮುಗಿದಾಗ ತಲೆಯೆತ್ತಿ ನೋಡುತ್ತಾನೆ. ಮೇಲೆ ಕೊಡೆಯಿಲ್ಲದಿದ್ದರೆ ಎದೆಯ ಮೇಲಿನದನ್ನು ಎಳೆಯುತ್ತಾನೆ. ಯೋಚಿಸಲು ಅಲ್ಲಿ ಬಿಡುವಿಲ್ಲ.

"ಆದರೆ ಮಾವ, ಭಯವಾಗುವುದು ಹಾರಿದ ಮೇಲಲ್ಲ, ಅದಕ್ಕೆ ಮುಂಚೆ, ಸಾಲಿನಲ್ಲಿ ನಿಂತಾಗ. ನನ್ನ ಚೀಲ ನನ್ನ ಬೆನ್ನಿನ ಮೇಲಿದೆ, ನನಗೆ ಕಾಣುವುದಿಲ್ಲ. ಪಟ್ಟಿ ಎಲ್ಲಿಯಾದರೂ ತೋಳಿಗೆ ಸುತ್ತಿದೆಯೇ, ದಾರ ಬಿಚ್ಚಿದೆಯೇ, ಏನೂ ತಿಳಿಯದು. ಹಿಂದೆ ನಿಂತವನು ಕೈಯಾಡಿಸಿ ನೋಡಿ ಬೆನ್ನು ತಟ್ಟುತ್ತಾನೆ. ಆ ಒಂದು ತಟ್ಟು ಬಿದ್ದರೆ ಭಯ ಅರ್ಧ ಇಳಿದ ಹಾಗೆ."

'ತನ್ನ ಬೆನ್ನು ತನಗೆ ಕಾಣದು' ಎಂಬ ಗಾದೆಯನ್ನು ನಾನು ಹತ್ತು ವರ್ಷಗಳಿಂದ ತರಗತಿಯಲ್ಲಿ ಬಿಡಿಸಿ ಹೇಳುತ್ತಿದ್ದೇನೆ. ತನ್ನ ದೋಷವನ್ನು ತಾನು ಅರಿಯದವನನ್ನು ಕುರಿತ ಮಾತೆಂದೇ ನನ್ನ ವಿವರಣೆ. ಅದಕ್ಕೆ ಇನ್ನೊಂದು ಅರ್ಥವೂ ಉಂಟೆಂದು ಮಾಲ್‌ಪುರದ ಬೇವಿನ ನೆರಳಿನಲ್ಲಿ ತಿಳಿಯಿತು.

ಅಳಿಯನ ಹಿಂದೆ ನಿಲ್ಲುತ್ತಿದ್ದವನು ಗಢವಾಲದ ಕಡೆಯ ಹುಡುಗ. ಅವನಿಗೆ ಕನ್ನಡ ಬಾರದು, ಇವನ ಹಿಂದಿ ಅಷ್ಟಕ್ಕಷ್ಟೆ. ಕಾಲು ಉಳುಕಿದ ದಿನ ತನ್ನ ಕೊಡೆಯನ್ನು ಸುತ್ತಿ ಹೆಗಲಿಗೇರಿಸಿ, ಇನ್ನೊಂದು ಹೆಗಲನ್ನು ಇವನಿಗೆ ಕೊಟ್ಟು ಬಯಲು ದಾಟಿಸಿದವನು ಅವನೇ. ಅಂದಿನಿಂದ ಊಟದ ತಟ್ಟೆ ತಂದುಕೊಡುವುದು, ಬಟ್ಟೆ ಒಗೆಯುವುದು ಎಲ್ಲವೂ ಅವನದೇ. "ಇವತ್ತು ಅವನು ಮೂರನೆಯವನಾಗಿ ಹಾರುತ್ತಾನೆ" ಎಂದ ಅಳಿಯ.

ವಿಮಾನ ಬಂತು. ಬಾಲದ ಕೆಳಗಿನಿಂದ ಒಂದು ಚುಕ್ಕೆ ಉದುರಿತು, ಎರಡನೆಯದು, ಮೂರನೆಯದು. ಅಳಿಯನ ತುಟಿಗಳು ಎಣಿಸುತ್ತಿದ್ದವು. ಅವನು ನನ್ನ ಮಣಿಕಟ್ಟನ್ನು ಹಿಡಿದುಕೊಂಡಿದ್ದನೆಂಬುದು ಅವನಿಗೇ ತಿಳಿದಿರಲಿಲ್ಲ. ಎಲ್ಲರ ಕೊಡೆಗಳೂ ಅರಳಿದವು. ಮೂರನೆಯದು ಮಾತ್ರ ಹುರಿಗೊಂಡ ಹಗ್ಗಗಳ ತುದಿಯಲ್ಲಿ ಅರೆಬಿರಿದ ಮೊಗ್ಗಿನಂತೆ ಓಲಾಡಿತು.

"ಕಾಲು ಒದಿಯೋ! ಒದಿಯೋ ಮಾರಾಯ!" ಎಂದು ಅಳಿಯ ಅಚ್ಚ ತೀರ್ಥಹಳ್ಳಿಯ ಕನ್ನಡದಲ್ಲಿ ಕೂಗಿದ. ಸಾವಿರ ಅಡಿ ಮೇಲಿದ್ದ ಗಢವಾಲಿಗೆ ಅದು ಕೇಳಿಸುವುದೆಲ್ಲಿ? ಆಲೂಗಡ್ಡೆ ಅಗೆಯುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಮ್ಮತ್ತ ನೋಡಿದರು. ಅಷ್ಟು ದೂರದಿಂದಲೂ ಆ ಪುಟ್ಟ ಆಕೃತಿ ಕಾಲು ಝಾಡಿಸುವುದು ಕಂಡಿತು. ಒಂದು ಸುತ್ತು, ಎರಡು ಸುತ್ತು. ಹುರಿ ಬಿಚ್ಚಿತು, ಕೊಡೆ ತುಂಬಿಕೊಂಡಿತು. ಅಳಿಯ ಕುಂಟುಗಾಲನ್ನು ಮರೆತು ನೆಲದ ಮೇಲೆ ಕುಸಿದು ಕುಳಿತ. ಅವನ ಮುಖ ಆ ಕ್ಷಣದಲ್ಲಿ ಸಾಕ್ಷಾತ್ ನಮ್ಮಕ್ಕನ ಮುಖವಾಗಿತ್ತು.

ಸ್ವಲ್ಪ ಹೊತ್ತಿನ ಮೇಲೆ, "ಅಮ್ಮ ಏನು ಹೇಳಿ ಕಳಿಸಿದ್ದಾಳೆ ಮಾವ?" ಎಂದ.

ನನ್ನ ಉಪನ್ಯಾಸದ ಪೀಠಿಕೆಯೇ ನೆನಪಾಗಲಿಲ್ಲ. ಈ ಹುಡುಗ ದಳ ಬಿಟ್ಟು ಬಂದರೆ ಆ ಹುಡುಗನ ಬೆನ್ನು ನೋಡುವವರು ಯಾರು? "ಕೋಡುಬಳೆ ಕಳಿಸಿದ್ದಾಳೆ" ಎಂದು ಡಬ್ಬಿಯನ್ನು ಅವನ ಕೈಗಿತ್ತೆ.

ಊರಿಗೆ ಮರಳಿದ ಮೇಲೆ ಗ್ರಂಥಾಲಯದಲ್ಲಿ ಈ ವಿಷಯದ ಪುಸ್ತಕಗಳನ್ನು ಹುಡುಕಿ ಓದಿದೆ. ಅಮೆರಿಕದ ಜೋಸೆಫ್ ಕಿಟ್ಟಿಂಜರ್ ಎಂಬ ವೈಮಾನಿಕ 1959ರ ನವೆಂಬರಿನಲ್ಲಿ ಬಲೂನಿನಿಂದ ಧುಮುಕಿದಾಗ ಚಿಕ್ಕ ಕೊಡೆಯ ಹಗ್ಗ ಕೊರಳಿಗೆ ಸುತ್ತಿ, ಬುಗುರಿಯಂತೆ ತಿರುಗಿ ಪ್ರಜ್ಞೆ ತಪ್ಪಿದನು. ಸಹೋದ್ಯೋಗಿಗಳು ಅಣಿಗೊಳಿಸಿದ್ದ, ತಾನಾಗಿ ತೆರೆಯುವ ಆಪತ್ಕಾಲದ ಕೊಡೆ ಅವನನ್ನು ಉಳಿಸಿತು. ಮರುವರ್ಷದ ಆಗಸ್ಟ್ 16ರಂದು ಅವನೇ 1,02,800 ಅಡಿ ಎತ್ತರದಿಂದ ಧುಮುಕಿ ದಾಖಲೆ ಸ್ಥಾಪಿಸಿದನು. ಅರ್ಧ ಶತಮಾನ ಕಳೆದು, 2012ರಲ್ಲಿ ಫೆಲಿಕ್ಸ್ ಬಾಮ್‌ಗಾರ್ಟ್ನರ್ ಆ ಎತ್ತರವನ್ನು ಮೀರಲು ಹೊರಟಾಗ ನೆಲದಿಂದ ರೇಡಿಯೋದಲ್ಲಿ ಹೆಜ್ಜೆಹೆಜ್ಜೆಗೂ ಸೂಚನೆಯಿತ್ತು ನಡೆಸಿದವನು 84 ವರ್ಷದ ಕಿಟ್ಟಿಂಜರನೇ. ತನ್ನ ದಾಖಲೆಯನ್ನು ಮುರಿಯಲು ಬಂದವನ ಬೆನ್ನನ್ನು ತಾನೇ ಕಾಯ್ದನು!

ಅಕ್ಕನ ಎದುರು ನಾನು ಅಪರಾಧಿಯಂತೆ ಕುಳಿತು ಎಲ್ಲವನ್ನೂ ಹೇಳಿದೆ. ಉಳುಕಿದ ಕಾಲಿನ ಸಂಗತಿಯನ್ನೂ ಮುಚ್ಚಿಡಲಿಲ್ಲ. ಅವಳು ಬಯ್ಯಲಿಲ್ಲ, ಒಪ್ಪಲೂ ಇಲ್ಲ. ಕಾಲು ಗುಣವಾಗಿ, ಉಳಿದ ಎರಡು ಹಾರಾಟಗಳು ಮುಗಿದು, ಮಗ ದೂರವಾಣಿ ಮಾಡಿದಾಗಲೂ "ಊಟ ಸರಿಯಾಗಿ ಮಾಡು" ಎಂದಷ್ಟೇ ಹೇಳಿದಳು.

ಆ ವರ್ಷದ ಆಗಸ್ಟ್ 24ರಂದು ಇಸ್ರೋ ಸಂಸ್ಥೆಯವರು ಗಗನಯಾನದ ಮಾದರಿ ಕೋಶವನ್ನು ಹೆಲಿಕಾಪ್ಟರಿನಿಂದ ಕೆಡವಿ ಪ್ಯಾರಾಚೂಟುಗಳನ್ನು ಪರೀಕ್ಷಿಸಿದ ದೃಶ್ಯ ದೂರದರ್ಶನದಲ್ಲಿ ಬಂತು. ಆ ಕೊಡೆಗಳು ರೂಪುಗೊಂಡುದು ಆಗ್ರಾದ ಸಂಶೋಧನಾಲಯದಲ್ಲಿಯೇ ಎಂದೆ. ದೊಡ್ಡವು ಮೂರು, ಎರಡೇ ತೆರೆದರೂ ಯಾತ್ರಿಕರು ಕ್ಷೇಮವಾಗಿ ಇಳಿಯುವರು ಎಂದೂ ವಿವರಿಸಿದೆ.

ಅಕ್ಕ ತಟ್ಟನೆ ಕೇಳಿದಳು: "ನಮ್ಮ ಹುಡುಗನಿಗೆ ಎಷ್ಟೋ?"

"ಎರಡು. ಬೆನ್ನಿಗೊಂದು, ಎದೆಗೊಂದು."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಲ್ಲ, ಅವನಿಗೂ ಮೂರು. ಆ ಗಢವಾಲದ ಹುಡುಗ ಒಬ್ಬನಿಲ್ಲವೆ?" ಎಂದು ಒಳಗೆ ಹೋದಳು. ದೀಪಾವಳಿಗೆ ಮಗನ ವಿಳಾಸಕ್ಕೆ ಕಳಿಸಲು ಅವಳು ನನ್ನ ಕೈಗಿತ್ತ ಕೋಡುಬಳೆಯ ಡಬ್ಬಿಗಳು ಎರಡಿದ್ದವು.