ತಿಪ್ಪೆಯ ಇಂಧನವೂ ಶ್ರಾವಕನ ವಿವೇಕವೂ

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡವನ್ನು ಐದು ಬಗೆಯಾಗಿ ಎಣಿಸುತ್ತದೆ. ಪ್ರಮಾದಚರ್ಯೆಯು ಅವುಗಳಲ್ಲೊಂದು. ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳನ್ನು ಕದಡುವುದೂ ಸಸ್ಯಗಳನ್ನು ಕಡಿಯುವುದೂ ಈ ದೋಷಕ್ಕೆ ಸೇರುತ್ತವೆ. ಜೈನನಿಗೆ ಬೆಂಕಿಯೆಂಬುದು ಬರಿಯ ಸಾಧನವಲ್ಲ. ಅಗ್ನಿಕಾಯಿಕವೂ ಏಕೇಂದ್ರಿಯ ಜೀವವೇ. ಆದುದರಿಂದ ಇಂಧನದ ವಿಚಾರವು ಅವನಿಗೆ ಖರ್ಚುವೆಚ್ಚದ ವಿಚಾರವಷ್ಟೇ ಆಗಲಾರದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆನೆಲದಲ್ಲಿ ಜೋಳ, ತೊಗರಿಗಳೊಡನೆ ನೀರಾವರಿಯ ಕಬ್ಬೂ ಬೆಳೆಯುತ್ತದೆ. ಕಟಾವಿನ ಬಳಿಕ ಕಬ್ಬಿನ ರವದಿಗೆ ಹೊಲದಲ್ಲಿಯೇ ಬೆಂಕಿಯಿಡುವ ರೂಢಿಯುಂಟು. ಆ ಬೆಂಕಿಯಿಂದ ಅನ್ನ ಬೇಯದು, ದೀಪ ಬೆಳಗದು. ಹುಳುಹುಪ್ಪಟೆಯೂ ಮಣ್ಣಿನ ಸಾರವೂ ಮಾತ್ರ ಬೇಯುತ್ತವೆ. ಪ್ರಮಾದಚರ್ಯೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಅದೇ ಕಬ್ಬನ್ನು ಕಾರ್ಖಾನೆಯಲ್ಲಿ ಅರೆದಾಗ ಟನ್ನಿಗೆ ಸುಮಾರು 300 ಕಿಲೊ ಹಸಿ ಸಿಪ್ಪೆ ಉಳಿಯುತ್ತದೆ. ಸಿಪ್ಪೆಯ ಉರಿಯಿಂದ ಎದ್ದ ಉಗಿ ಮೊದಲು ಟರ್ಬೈನನ್ನು ತಿರುಗಿಸಿ, ಬಳಿಕ ರಸವನ್ನು ಕಾಯಿಸುತ್ತದೆ. ಮಿಕ್ಕ ವಿದ್ಯುತ್ತನ್ನು ಹೊರಗೆ ಮಾರಬಹುದು. ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲ ಸ್ಥಾವರವಿದೆ. ಇಂತಹ ಸ್ಥಾವರಗಳು ಕಲ್ಲಿದ್ದಲಿನೊಡನೆ ಬೆಳೆಯ ಶೇಷದಿಂದ ಮಾಡಿದ ಉಂಡೆಗಳನ್ನು ಬೆರೆಸಬೇಕೆಂಬ ನೀತಿಯನ್ನು ಕೇಂದ್ರ ಇಂಧನ ಸಚಿವಾಲಯವು 2021ರಲ್ಲಿ ಪ್ರಕಟಿಸಿತು. ಹೊಲದ ಕಸಕ್ಕೂ ಬೆಲೆ ಬಂದಿದೆ.

ಮನೆಯ ಮಟ್ಟದಲ್ಲಿ ಸಗಣಿ ಅನಿಲದ ತೊಟ್ಟಿಯುಂಟು. ಸುಮಾರು 25 ಕಿಲೊ ಸಗಣಿಯಿಂದ ಒಂದು ಘನಮೀಟರ್ ಅನಿಲ ದೊರೆಯುತ್ತದೆ. ಇಲ್ಲಿ ಧರ್ಮಭೀರುಗಳು ಶಂಕೆಯೊಂದನ್ನು ಎತ್ತುತ್ತಾರೆ: ತೊಟ್ಟಿಯಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳು ಹುಟ್ಟಿ ಸಾಯುವುದು ಹಿಂಸೆಯಲ್ಲವೇ? ಹಿಂಸೆಯೇ ಹೌದು, ಅದನ್ನು ಮುಚ್ಚಿಡಬಾರದು. ಆದರೆ ಅದು ಸಂಕಲ್ಪೀ ಹಿಂಸೆಯಲ್ಲ, ಗೃಹಸ್ಥನಿಗೆ ತಪ್ಪದ ಆರಂಭೀ ಹಿಂಸೆ. ಅದೇ ಸಗಣಿ ತಿಪ್ಪೆಯಲ್ಲಿ ಬಿದ್ದರೂ ಕೊಳೆಯದೆ ಇರದು. ಕುಳ್ಳಾಗಿ ಒಲೆ ಸೇರಿದರೆ ಅದರಲ್ಲಿ ಅಡಗಿದ ಹುಳುಗಳು ಸುಡುತ್ತವೆ, ಹೊಗೆಯು ಹೆಣ್ಣುಮಕ್ಕಳ ಕಣ್ಣನ್ನೂ ಉಸಿರನ್ನೂ ಕೆಡಿಸುತ್ತದೆ, ಗೊಬ್ಬರವೂ ಬೂದಿಯಾಗುತ್ತದೆ. ತೊಟ್ಟಿಯಲ್ಲಿಯಾದರೋ ಅನಿಲವನ್ನು ಕೊಟ್ಟ ಬಗ್ಗಡವು ಮರಳಿ ಹೊಲಕ್ಕೆ ಗೊಬ್ಬರವಾಗಿ ಸಲ್ಲುತ್ತದೆ. ಅಲ್ಪ ಹಿಂಸೆಯ ದಾರಿಯನ್ನು ಆಯ್ದುಕೊಳ್ಳುವುದೇ ಅಣುವ್ರತಿಯ ವಿವೇಕ.

ಜನರ ಅಗತ್ಯವನ್ನು ಅರಿಯದ ಯೋಜನೆ ನಿಲ್ಲಲಾರದು. ಕುಣಿಗಲ್ ತಾಲೂಕಿನ ಪುರ ಗ್ರಾಮದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ತಂಡವು ಮೊದಲು ಅಡುಗೆಗೆಂದು ಸಮುದಾಯದ ಅನಿಲ ಸ್ಥಾವರವನ್ನು ಕಟ್ಟಿತು. ಎಲ್ಲ ಮನೆಗಳ ಒಲೆಗೂ ಅನಿಲ ಸಾಲಲಿಲ್ಲ. 1987ರಲ್ಲಿ ಅದೇ ಅನಿಲದಿಂದ ಎಂಜಿನ್ ನಡೆಸಿ, ಊರವರಿಗೆ ಬೇಕಾಗಿದ್ದ ಕುಡಿಯುವ ನೀರನ್ನೂ ದೀಪವನ್ನೂ ಒದಗಿಸಿದಾಗ ಸ್ಥಾವರವು ಊರಿನದಾಯಿತು.

ಎರಡು ಎಚ್ಚರಗಳು ಅವಶ್ಯ. ದುಡಿಯಲಾರದ ಮುದಿ ಎತ್ತೂ ಸಗಣಿ ಕೊಡುತ್ತದೆ. ಅದನ್ನು ಮಾರದಿರಲು ಇದೊಂದು ಆಸರೆ. ಆದರೆ ದಯೆಯು ಸಗಣಿಯ ಲೆಕ್ಕವನ್ನು ಅವಲಂಬಿಸಬಾರದು. ಇನ್ನೊಂದು, ಕಸದಿಂದ ಶಕ್ತಿ ದೊರೆಯುವುದೆಂದು ಕಸವನ್ನೇ ಹೆಚ್ಚಿಸುವುದು ಪರಿಗ್ರಹ ಪರಿಮಾಣಕ್ಕೆ ವಿರುದ್ಧ. ಬಸದಿಯ ಉತ್ಸವದಲ್ಲಿ ಎಲೆಯ ಮೇಲೆ ಅನ್ನ ಬಿಟ್ಟು, ಅದನ್ನು ಅನಿಲದ ತೊಟ್ಟಿಗೆ ಹಾಕಿ ಸಮಾಧಾನಪಡುವುದು ಧರ್ಮವಲ್ಲ.

ಬಸದಿಗಳ ಟ್ರಸ್ಟುಗಳು ಮೊದಲು ಅಡುಗೆಯನ್ನು ಅಳತೆಯಲ್ಲಿ ಮಾಡಿಸಲಿ. ತಪ್ಪದೆ ಉಳಿಯುವ ಸಿಪ್ಪೆ, ಹೂವು, ಗೋಶಾಲೆಯ ಸಗಣಿಗಳನ್ನು ತೊಟ್ಟಿಗೆ ಸೇರಿಸಲಿ. ಸಂಯಮವು ಮುಂದಾಗಿ ಯಂತ್ರವು ಹಿಂದಾದಲ್ಲಿ ಆ ಒಲೆಯ ಉರಿಯು ಅಹಿಂಸೆಗೆ ಸಮೀಪವಾಗುವುದು.