ಮೂರು ದಿನದ ವಿಜಯನಗರ ವರ್ತಕರು

ಇಲ್ಲಿ 'ನಾವು' ಎಂದರೆ ರಾಜಮಹಾರಾಜರ ಗೌರವದ 'ನಾವು' ಅಲ್ಲ. ಆಂಟಾಪ್ ಹಿಲ್ ಸರಕಾರಿ ವಸತಿಯ ಮೂರನೆಯ ಮಾಳಿಗೆಯಲ್ಲಿರುವ ಗಂಡ ಹೆಂಡತಿ ಇಬ್ಬರೇ. ನಮ್ಮಲ್ಲಿ ಒಬ್ಬರು ಬಿ.ಎಸ್‌ಸಿ. ಪಾಸು ಮಾಡಿ ಕೇಂದ್ರ ಸರಕಾರದ ಗುಮಾಸ್ತಿಕೆ ಹಿಡಿದವರು. ಇನ್ನೊಬ್ಬರು ಮನೆಯ ಅರ್ಥಸಚಿವರು. ವ್ಯಾಪಾರ ಎಂಬುದು ನಮ್ಮ ವಂಶದಲ್ಲೇ ಇಲ್ಲ. ಆದರೆ ಚೌಕಾಸಿ ಮಾತ್ರ ರಕ್ತದಲ್ಲೇ ಇದೆ. ಕಟ್ಟಡದ ಕೆಳಗೆ ಬರುವ ತರಕಾರಿ ಗಾಡಿಯವನ ಹತ್ತಿರ ಐದು ರೂಪಾಯಿ ಇಳಿಸದೆ ಮೆಂತ್ಯದ ಕಟ್ಟನ್ನು ಚೀಲಕ್ಕೆ ಹಾಕಿದವರಲ್ಲ.

ಹೀಗಿರಲಾಗಿ ಹೊಸಪೇಟೆಯಿಂದ ಅಕ್ಕನ ಫೋನು ಬಂತು. ಅಕ್ಕ ಅಲ್ಲಿಯ ಒಂದು ಸ್ವಸಹಾಯ ಸಂಘದ ಹಿರಿಯಳು. ಒಂಬತ್ತು ಮಂದಿ ಹೆಂಗಸರು ಸೇರಿ ಹಳೆಯ ಸೀರೆಗಳಿಂದ ಕೌದಿ ಹೊಲಿಯುತ್ತಾರೆ. "ಹಂಪಿ ಉತ್ಸವದಾಗ ಮಳಿಗೆ ಸಿಕ್ಕದ. ಮೂರು ದಿನ ಕೂಡಾಕ ಓದಿದವರು ಬೇಕು. ಬರ್ರಿ" ಎಂದಳು.

ನಮ್ಮ ಗುಮಾಸ್ತರಿಗೆ ಎದೆ ಡವಗುಟ್ಟಿತು. ಸರಕಾರಿ ನೌಕರ ಮುಂಗಡ ಅನುಮತಿ ಇಲ್ಲದೆ ವ್ಯಾಪಾರ ಮಾಡಕೂಡದೆಂದು 1964ರ ನಡತೆ ನಿಯಮಗಳು ಹೇಳುತ್ತವೆ. ಕಚೇರಿಯ ಹಿರಿಯರೊಬ್ಬರು ನಕ್ಕು, "ಸಂಬಳವಿಲ್ಲದ ಸಮಾಜಸೇವೆಗೆ ಅಡ್ಡಿಯಿಲ್ಲ ಮಾರಾಯರೇ, ಕೆಲಸ ಮಾತ್ರ ಕೆಡಬಾರದು" ಎಂದು ಧೈರ್ಯ ತುಂಬಿದರು. 2023ರ ಜನವರಿ 26ರ ರಜೆಗೆ ಎರಡು ದಿನದ ರಜೆಯನ್ನು ಜೋಡಿಸಿ ಗದಗಿನ ರೈಲು ಹತ್ತಿದೆವು.

ಹಂಪಿ ಉತ್ಸವ 1980ರ ದಶಕದಲ್ಲಿ ಎಂ. ಪಿ. ಪ್ರಕಾಶ್ ಅವರ ಆಸಕ್ತಿಯಿಂದ ಆರಂಭವಾದದ್ದು. ಆ ವರ್ಷ ಜನವರಿ 27ರಿಂದ 29ರವರೆಗೆ ನಡೆಯಿತು. ಗತವೈಭವವನ್ನು ಮತ್ತೆ ಕಟ್ಟಿ ನೋಡುವ ಈ ಹುಚ್ಚು ನಮ್ಮದೊಂದೇ ಅಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಪ್ರತಿ ಬೇಸಿಗೆ ಸಾವಿರಾರು ಜನ ಮಧ್ಯಯುಗದ ಉಡುಪು ತೊಟ್ಟು, ಡೇರೆ ಹಾಕಿ, 'ಪೆನ್ಸಿಕ್' ಎಂಬ ಉತ್ಸವ ಮಾಡುತ್ತಾರಂತೆ, 1972ರಿಂದ ನಡೆದಿದೆ. ಅಲ್ಲಿಯೂ ಡೇರೆಗಳಲ್ಲಿ ವರ್ತಕರು ಕುಳಿತು ಹಳೆಯ ಕಾಲದ ಮಾದರಿಯ ಸರಕು ಮಾರುತ್ತಾರಂತೆ. ಅಕ್ಕನಿಗೆ ಇದನ್ನು ಹೇಳಿದ್ದೇ ತಪ್ಪಾಯಿತು. ಶಾಲೆಯ ನಾಟಕದ ಪೆಟ್ಟಿಗೆಯಿಂದ ಎರಡು ಕುಲ್ಲಾಯಿ ತರಿಸಿ, ಒಂದನ್ನು ಗುಮಾಸ್ತರ ತಲೆಗೇ ಏರಿಸಿದಳು. ವಿಜಯನಗರದ ಆಸ್ಥಾನದ ಆ ಉದ್ದ ಟೊಪ್ಪಿಗೆಯ ಕೆಳಗೆ ಚಾಳೀಸು ಕನ್ನಡಕ! ಅರ್ಥಸಚಿವರು ನಕ್ಕ ನಗು ತುಂಗಭದ್ರೆಯ ಆಚೆ ದಡಕ್ಕೂ ಕೇಳಿಸಿರಬೇಕು.

ಮೊದಲ ದಿನ ಬೆಳಿಗ್ಗೆ ವಿರೂಪಾಕ್ಷನ ಮುಂದಿನ ಬಜಾರನ್ನು ನೋಡಿ ಬಂದೆವು. ಇಕ್ಕೆಲಗಳಲ್ಲಿ ಕಲ್ಲಿನ ಮಂಟಪಗಳ ಸಾಲು. 1443ರಲ್ಲಿ ಬಂದ ಪರ್ಶಿಯಾದ ಅಬ್ದುರ್ ರಜಾಕ್ ಈ ಪಟ್ಟಣದಲ್ಲಿ ರತ್ನಗಳನ್ನು ಬಯಲಿನಲ್ಲೇ ಮಾರುವುದನ್ನು ಕಂಡು ಬೆರಗಾದ. 1520ರ ಸುಮಾರಿಗೆ ಬಂದ ಪೋರ್ತುಗೀಜ ಪಾಯೆಸ್ ಮಾಣಿಕ, ವಜ್ರ, ಮುತ್ತು, ಬಟ್ಟೆಗಳ ಜತೆಗೆ ಸಂಜೆಯ ಸಂತೆಯಲ್ಲಿ ನಿಂಬೆ, ದ್ರಾಕ್ಷಿ, ಕಟ್ಟಿಗೆ ಮಾರುತ್ತಿದ್ದುದನ್ನೂ ಬರೆದಿಟ್ಟ. ವಜ್ರದ ಸುದ್ದಿ ಎಲ್ಲರಿಗೂ ಗೊತ್ತು. ಆ ಕಟ್ಟಿಗೆ ಹೊತ್ತು ತಂದವಳಿಗೆ ಸಂಜೆ ಎಷ್ಟು ದಕ್ಕಿತೆಂದು ಯಾವ ಪ್ರವಾಸಿಯೂ ಕೇಳಲಿಲ್ಲ. ಈ ವಿಚಾರ ನಮಗೂ ಆ ಬೆಳಿಗ್ಗೆ ಹೊಳೆದದ್ದಲ್ಲ, ರಾತ್ರಿ ಹೊಳೆದದ್ದು.

ಮಳಿಗೆಗೆ ಜನವೇನೋ ಬಂದರು. ಕುಲ್ಲಾಯಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡವರೇ ಹೆಚ್ಚು. ಸಂಜೆ ಒಂದು ದಂಪತಿ ಬಂದರು. ಮಾತಿಗೆ ಮಾತು ಬೆಳೆದು, ಅವರು ಮಾಟುಂಗಾದವರೆಂದು ತಿಳಿಯಿತು. ನಮ್ಮ ಮುಂಬಯಿಯವರು, ಅದರಲ್ಲೂ ಕನ್ನಡದವರು! ನೀಲಿ ಅಂಚಿನ ಕೌದಿಯೊಂದನ್ನು ಎತ್ತಿಕೊಂಡರು. ದರ 1,800 ರೂಪಾಯಿ. "ನಮ್ಮವರಿಗೂ ಇದೇ ದರವೇ? 1,200 ಮಾಡಿಕೊಳ್ಳಿ" ಎಂದರು. ಕೊಟ್ಟುಬಿಟ್ಟೆವು. ಮೊದಲು 'ಹೂಂ' ಎಂದದ್ದು ಯಾರೆಂಬ ಬಗ್ಗೆ ನಮ್ಮಿಬ್ಬರಲ್ಲಿ ಇಂದಿಗೂ ಒಮ್ಮತವಿಲ್ಲ. ಸರಕು ಖರ್ಚಾಯಿತೆಂಬ ಹೆಮ್ಮೆ ಮಾತ್ರ ಇಬ್ಬರಿಗೂ ಇತ್ತು.

ರಾತ್ರಿ ಮಳಿಗೆಯ ಹಿಂದೆ ತಾಡಪತ್ರಿ ಹಾಸಿ, ಮಾರುವ ಕೌದಿ ಮುಟ್ಟದೆ, ಚಳಿಯಲ್ಲಿ ಮುದುಡಿ ಕುಳಿತಿದ್ದೆವು. ದೂರದ ವೇದಿಕೆಯಿಂದ ಹಾಡು ಕೇಳಿಸುತ್ತಿತ್ತು. ಅಕ್ಕ ಲೆಕ್ಕದ ವಹಿ ತೆರೆದಳು. ಪ್ರತಿ ಕೌದಿಗೂ ಒಂದು ನಂಬರು, ನಂಬರಿನ ಮುಂದೆ ಹೊಲಿದವಳ ಹೆಸರು. ಬಟ್ಟೆ ಮತ್ತು ದಾರಕ್ಕೆ 250, ಹೊಲಿದವಳಿಗೆ 1,200, ಸಾಗಾಟಕ್ಕೆ 150, ಸಂಘದ ನಿಧಿಗೆ 200. ಕೂಡಿದರೆ 1,800. ಬಿ.ಎಸ್‌ಸಿ. ಓದಿದವರಿಗೆ ಮುಂದಿನ ಲೆಕ್ಕ ಹೇಳಿಕೊಡಬೇಕಾಗಿರಲಿಲ್ಲ.

"ಯಾಕ ಕೊಟ್ರಿ?"

"ನಮ್ಮೂರ ಕಡೆಯವರು ಅಂತ..."

ನೀಲಿ ಅಂಚಿನ ಕೌದಿ ಹೊಲಿದಾಕೆ ಅಲ್ಲೇ ಕುಳಿತಿದ್ದಳು. ಮನೆಗೆಲಸ, ಕೂಲಿ ಮುಗಿಸಿ, ದೀಪದ ಬೆಳಕಿನಲ್ಲಿ ಒಂದು ತಿಂಗಳು ಹೊಲಿದಿದ್ದಳಂತೆ. "ಇರ್ಲಿ ಬಿಡ್ರಿ ಅಕ್ಕಾರ. ಅವರೇನು ಬೇಕಂತ ಮಾಡ್ಯಾರೇನು?" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಆರು ನೂರು ರೂಪಾಯಿ ತೆಗೆದು ಅಕ್ಕನ ಮುಂದೆ ಇಟ್ಟೆವು. ಅಕ್ಕ ಮುಟ್ಟಲಿಲ್ಲ. "ಇವತ್ತು ನೀವು ತುಂಬಿ ಕೊಡ್ತೀರಿ. ಆ ಗಿರಾಕಿ ಊರಿಗೆ ಹೋಗಿ ನಾಕು ಮಂದಿಗೆ ಕೌದಿ ದರ ಹನ್ನೆರಡು ನೂರು ಅಂತ ಹೇಳ್ತಾರ. ಮುಂದಿನ ಸಲ ನಾ ಅವರಿಗೆ ಏನು ಹೇಳಲಿ? ರೊಕ್ಕ ಒಳಗಿಡ್ರಿ. ನಾಳೆ ನೆಟ್ಟಗ ಮಾರ್ರಿ."

ಮರುದಿನ ಕುಲ್ಲಾಯಿಯನ್ನು ಗೂಟಕ್ಕೆ ನೇತುಹಾಕಿದೆವು. ದರ ಇಳಿಸಿರೆಂದವರಿಗೆ ಕೌದಿಯನ್ನು ಮಗುಚಿ ಹಿಂಬದಿ ತೋರಿಸಿದೆವು. ಒಂದು ಗೇಣಿನಲ್ಲಿ ಎಷ್ಟು ಹೊಲಿಗೆ ಇದೆ, ನೀವೇ ಎಣಿಸಿರಿ ಎಂದೆವು. ಕೆಲವರು ಎಣಿಸದೆ ಮುಂದೆ ಹೋದರು. ಒಬ್ಬ ಅಜ್ಜಿ ಮಾತ್ರ ಬೆರಳಿಟ್ಟು ಎಣಿಸತೊಡಗಿ, ಅರ್ಧಕ್ಕೇ ನಿಲ್ಲಿಸಿ, ಸೊಂಟದ ಚೀಲ ಬಿಚ್ಚಿದರು. ಎರಡು ದಿನದಲ್ಲಿ ಹನ್ನೊಂದು ಕೌದಿ ಪೂರ್ತಿ ದರಕ್ಕೆ ಹೋದವು. ಒಂದನ್ನು ನಾವೇ ಕೊಂಡೆವು, 1,800 ಎಣಿಸಿ ಕೊಟ್ಟು.

ಹೊರಡುವ ದಿನ ಅಕ್ಕ ಚಹಾ ತರಲು ಹೋದಾಗ ವಹಿ ಹಾಗೇ ತೆರೆದಿತ್ತು. ನೀಲಿ ಅಂಚಿನ ನಂಬರಿನ ಮುಂದೆ ಹೊಲಿದಾಕೆಗೆ 1,200 ಸಂದಿತ್ತು, ಹೆಬ್ಬೆಟ್ಟು ಒತ್ತಿತ್ತು. ಅದರ ಕೆಳಗೆ ಅಕ್ಕನದೇ ಅಕ್ಷರ: ಕಡಿಮೆ ಬಿದ್ದ 600, ನನ್ನ ಪಾಲಿನಿಂದ. ನಮ್ಮ ದಾಕ್ಷಿಣ್ಯದ ದಂಡವನ್ನು ಆಕೆ ಮೊದಲ ರಾತ್ರಿಯೇ ಕಟ್ಟಿದ್ದಳು. ನೋಡಿದೆವೆಂದು ನಾವು ಹೇಳಲಿಲ್ಲ. ಚಹಾ ಕುಡಿದು, ಕಾಲಿಗೆ ಬಿದ್ದು ಬಂದೆವು.

ಈಗಲೂ ತರಕಾರಿ ಗಾಡಿಯವನು ದರ ಹೇಳಿದಾಗ ಹಳೆಯ ಚಾಳಿ ನಾಲಿಗೆಯ ತುದಿಗೆ ಬರುತ್ತದೆ. ಆಗ ನಮ್ಮಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡುತ್ತೇವೆ. ಮೆಂತ್ಯದ ಕಟ್ಟು ಸುಮ್ಮನೆ ಚೀಲ ಸೇರುತ್ತದೆ.