ಅರವತ್ತನಾಲ್ಕು ಬಿತ್ತು

ನನ್ನ ಅರೆ-ಓರ್ಕ್ ಸತ್ತು ಇವತ್ತಿಗೆ ಒಂಬತ್ತು ದಿನ. ಉಳಿದಿರುವುದು ಎಡಗೈ ಮಾತ್ರ, ಅದೂ ಮಣಿಕಟ್ಟಿನವರೆಗೆ. ಮಿಕ್ಕಿದ್ದೆಲ್ಲ ಕೆಂಪು ಡ್ರ್ಯಾಗನ್ನಿನ ಹೊಟ್ಟೆ ಸೇರಿದೆ. ಆ ಕೈಯನ್ನೇ ಕಂಬಳಿಯಲ್ಲಿ ಸುತ್ತಿಕೊಂಡು ಗೆಳೆಯರು ಕಾಡು ದಾಟಿ ಬಂದಿದ್ದಾರೆ.

ಕಾಡು ಅಂದರೆ ಊಟದ ಮೇಜು. ಸುತ್ತ ನಾವು ಐವರು, ನಡುವೆ ಚಕ್ಕುಲಿ ತಟ್ಟೆ, ಚೌಕಳಿ ಹಾಳೆ, ಬಣ್ಣಬಣ್ಣದ ದಾಳಗಳು. ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ನಿಯಮ 2014ರ ಪುಸ್ತಕದ್ದು. ಕಥೆ ನಡೆಸುವ ಡಂಜನ್ ಮಾಸ್ಟರ್ ಎದುರಿಗೆ ರಟ್ಟಿನ ಮರೆ ಕಟ್ಟಿಕೊಂಡು ಕೂತಿದ್ದಾನೆ. ನನ್ನ ಪಾತ್ರದ ಹಾಳೆ ಬೋರಲು ಬಿದ್ದಿದೆ. ಎರಡು ಗಂಟೆಯಿಂದ ಚಕ್ಕುಲಿ ಮುರಿಯುವುದು ಬಿಟ್ಟರೆ ನನಗೆ ಬೇರೆ ಕೆಲಸವಿಲ್ಲ.

ಸತ್ತವರನ್ನು ಎಬ್ಬಿಸುವ ಮಂತ್ರ ದೇವರ ಭಕ್ತರಾದ ಕ್ಲೆರಿಕ್‌ಗಳ ಬಳಿಯೂ ಇದೆ. 500 ಚಿನ್ನದ ನಾಣ್ಯ ಬೆಲೆಯ ವಜ್ರ ಸುಟ್ಟರಾಯಿತು. ಆದರೆ ಅದಕ್ಕೆ ಹೆಣ ಬೇಕು. ತಲೆಯೇ ಇಲ್ಲದವನನ್ನು ಅದು ಎಬ್ಬಿಸದು. ಕಾಡಿನ ಮಾಂತ್ರಿಕನಾದ ಡ್ರೂಯಿಡ್‌ನದು ಬೇರೆ ದಾರಿ: ರೀಇನ್‌ಕಾರ್ನೇಟ್. ಐದನೇ ಮಟ್ಟದ ಮಂತ್ರ. ಒಂದು ತುಣುಕು ಸಿಕ್ಕರೂ ಸಾಕು, ಹಳೆಯ ದೇಹವನ್ನು ರಿಪೇರಿ ಮಾಡುವ ಗೋಜಿಗೇ ಹೋಗದೆ ಹೊಸದನ್ನು ಕಟ್ಟುತ್ತದೆ.

"ಎಣ್ಣೆಗೆ ಸಾವಿರ ಆಯ್ತು," ಎಂದು ನಮ್ಮ ಡ್ರೂಯಿಡ್ ಲೆಕ್ಕ ಬರೆದುಕೊಳ್ಳುತ್ತಾಳೆ. ಅಪರೂಪದ ಎಣ್ಣೆ, ಲೇಪಗಳು, 1,000 ನಾಣ್ಯದ್ದು. ಮಂತ್ರ ಮುಗಿಯುವಾಗ ಒಂದು ಹನಿಯೂ ಉಳಿಯುವುದಿಲ್ಲ. ಮೇಜಿನ ಮೇಲೆ ಅರೆನಿಮಿಷ, ಕಾಡಿನಲ್ಲಿ ಒಂದು ಗಂಟೆ. ಓಕ್ ಮರದ ಬುಡದಲ್ಲಿ ಕೈಗೆ ಎಣ್ಣೆ ತಿಕ್ಕುತ್ತಿದ್ದಾಳೆ. ಬೆರಳ ಸಂದಿನ ಮಸಿ ಕರಗುತ್ತದೆ. ಮಣಿಕಟ್ಟಿನಾಚೆ ಏನೋ ಬೆಳೆಯುತ್ತಿದೆ.

ಸತ್ತು ಹತ್ತು ದಿನ ಮೀರಿದ್ದರೆ ಇದು ನಡೆಯದು. ನಮ್ಮಲ್ಲೂ ಹತ್ತು ದಿನದ ಪಿಂಡಗಳಿಂದಲೇ ಪ್ರೇತಕ್ಕೆ ದೇಹ ಕೂಡಿಬರುತ್ತದೆ ಎಂಬ ನಂಬಿಕೆಯಿದೆಯಲ್ಲ. ಕಾಕತಾಳೀಯವೇ ಇರಬೇಕು, ಆದರೂ ಆ ಸಾಲು ಓದುವಾಗ ನನಗೆ ಹೊಳೆಯ ದಂಡೆ, ದರ್ಭೆ, ಕಾಗೆಗಳ ನೆನಪು.

ಡಂಜನ್ ಮಾಸ್ಟರ್ ಮರೆಯಿಂದ ತಲೆಯೆತ್ತುತ್ತಾನೆ. "ಏನಪ್ಪಾ, ಬರ್ತೀಯೋ ಇಲ್ವೋ?"

ಕೇಳಲೇಬೇಕು, ಅದು ನಿಯಮ. ಆತ್ಮಕ್ಕೆ ಮನಸ್ಸಿರಬೇಕು, ಅದನ್ನು ಯಾರೂ ಸೆರೆಹಿಡಿದಿರಬಾರದು. ಇಲ್ಲದಿದ್ದರೆ ಮಂತ್ರವೇ ವಿಫಲ. ಒಂಬತ್ತು ದಿನ ಸುಖವಾಗಿ ಸತ್ತಿದ್ದವನು ಒಂದು ಕ್ಷಣ ಯೋಚಿಸುತ್ತೇನೆ.

"ಬರ್ತೀನಿ."

ಎರಡು ದಾಳ ಉರುಳುತ್ತವೆ, ಒಂದು ಹತ್ತರದ್ದು, ಒಂದು ಬಿಡಿಯದು. ಒಂದರಿಂದ ನೂರರೊಳಗೆ ಯಾವ ಸಂಖ್ಯೆ ಬೀಳುತ್ತದೋ ಪಟ್ಟಿಯಲ್ಲಿ ಆ ಕುಲ. ಮನುಷ್ಯನಾಗುವ ಸಾಧ್ಯತೆ ನೂರಕ್ಕೆ ಇಪ್ಪತ್ತು. ಹತ್ತರ ದಾಳ ಮೊದಲು ನಿಂತಿತು: 60. ನನ್ನೆದೆ ಹೊಡೆದುಕೊಳ್ಳತೊಡಗಿತು. ಬಿಡಿಯ ದಾಳ ಸೊನ್ನೆ ತೋರಿಸಿದರೆ ಮತ್ತೆ ಅರೆ-ಓರ್ಕ್, ಅದೇ ಕೋರೆ, ಅದೇ ತೋಳು! ದಾಳ ಚಕ್ಕುಲಿ ತಟ್ಟೆಗೆ ತಾಗಿ ಮಗ್ಗುಲಾಯಿತು. ನಾಲ್ಕು.

"ಹಾಫ್ಲಿಂಗ್."

ಮೂರಡಿಯ ಜೀವ. ಮೇಜಿನ ಸುತ್ತ ಒಂದೇ ನಗು. "1978ರ ಪುಸ್ತಕ ಆಗಿದ್ರೆ ಬ್ಯಾಡ್ಜರ್ ಆಗ್ತಿದ್ಯೋ ಏನೋ, ಸುಮ್ನಿರು," ಎಂದು ಡ್ರೂಯಿಡ್ ಸಮಾಧಾನ ಹೇಳುತ್ತಾಳೆ. ಸುಳ್ಳಲ್ಲ. ಗ್ಯಾರಿ ಗೈಗ್ಯಾಕ್ಸ್ ಬರೆದ ಆ ಪಟ್ಟಿಯಲ್ಲಿ ಕರಡಿ, ಗೂಬೆ, ನರಿಗಳೂ ಇದ್ದವು.

ಹಾಳೆ ತಿರುಗಿಸಿ ರಬ್ಬರು ಹಿಡಿಯುತ್ತೇನೆ. ಶಕ್ತಿ 18 ಇದ್ದದ್ದು 16. ಮೈಗಟ್ಟು 16 ಇದ್ದದ್ದು 15. ಈ ಒಂದಂಕಿ ಇಳಿದದ್ದಕ್ಕೇ, ಒಂಬತ್ತನೇ ಮಟ್ಟದವನಾದ ನನ್ನ ಜೀವಾಂಶ 95ರಿಂದ 86ಕ್ಕೆ ಬಂತು. ಚುರುಕು ಮಾತ್ರ ಎರಡು ಏರಿತು. ಕತ್ತಲಲ್ಲಿ ಕಾಣುವ ಕಣ್ಣು ಹೋಯಿತು. ಬದಲಿಗೆ ಹಾಫ್ಲಿಂಗನ ಅದೃಷ್ಟ ಬಂತು: ಹೊಡೆಯುವಾಗ ಇಪ್ಪತ್ತು ಮುಖದ ದಾಳದಲ್ಲಿ ಒಂದು ಬಿದ್ದರೆ ಇನ್ನೊಮ್ಮೆ ಉರುಳಿಸಬಹುದು. ನೆನಪಿಗೆ, ಕಲಿತ ವಿದ್ಯೆಗೆ ರಬ್ಬರು ತಾಗುವಂತಿಲ್ಲ. ಡ್ರ್ಯಾಗನ್ನಿನ ಉಸಿರು ಎಷ್ಟು ಬಿಸಿಯಿತ್ತೆಂಬುದೂ ಅವನಿಗೆ ನೆನಪಿದೆ.

ನಮ್ಮ ಕಥೆಗಳಲ್ಲಿ ಇದು ತಿರುಗುಮುರುಗು. ಅಲ್ಲಿ ನೆನಪು ಅಳಿಯುತ್ತದೆ, ಕರ್ಮ ಉಳಿಯುತ್ತದೆ. ಚಿತ್ರಗುಪ್ತನ ಕಡತ ನೋಡದೆ ಯಾರಿಗೂ ಜನ್ಮವಿಲ್ಲ. ಇಲ್ಲಿ ಊರು ಕಾಯ್ದವನಿಗೂ ಊರು ಸುಟ್ಟವನಿಗೂ ಅವೇ ಎರಡು ದಾಳ. ಆಟಕ್ಕೆ ಇದೇ ಸರಿ ಎನ್ನುವವನು ನಾನು. ಪುಣ್ಯ ಎಣಿಸಿ ದೇಹ ಕೊಡುವಂತಿದ್ದರೆ ಈ ಮೇಜಿನಲ್ಲಿ ಒಬ್ಬರಿಗೂ ಎರಡು ಕಾಲಿನ ದೇಹ ಸಿಗುತ್ತಿರಲಿಲ್ಲ.

ಓಕ್ ಮರದ ಬುಡದಲ್ಲಿ ಅವನು ಎದ್ದು ಕೂರುತ್ತಾನೆ. ಕಂಬಳಿ ಈಗ ಮೈತುಂಬ ಸಾಕಾಗುತ್ತದೆ. ಗೆಳೆಯರು ಜೋಪಾನ ಮಾಡಿದ್ದ ಅವನ ಗ್ರೇಟ್‌ಆಕ್ಸ್ ಕೊಡಲಿ ಕಾಂಡಕ್ಕೆ ಒರಗಿದೆ, ಅವನಿಗಿಂತ ಎತ್ತರವಾಗಿ. ಭಾರದ ಆಯುಧ ಸಣ್ಣ ಮೈಯವನ ಕೈಯಲ್ಲಿದ್ದರೆ ಎರಡು ದಾಳ ಉರುಳಿಸಿ ಕಡಿಮೆ ಬಿದ್ದದ್ದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಮಾರುವುದೇ ವಾಸಿ. ಕೊಂಡದ್ದು 30 ನಾಣ್ಯಕ್ಕೆ, ಮಾರಿದರೆ ಅರ್ಧ. 15 ನಾಣ್ಯಕ್ಕೆ ಮೂರು ಕೈಗೊಡಲಿ ಬರುತ್ತವೆ.